ತಂಗಿಯ ಫೈಲು

ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಸಣ್ಣ ಕ್ಲಿನಿಕ್ಕಿನ ಕೌಂಟರಿನಲ್ಲಿ ನಾನು ಬಹಳ ವರ್ಷಗಳಿಂದ ಕೂರುತ್ತಿದ್ದೇನೆ. ಬಂದವರಿಗೆ ಚೀಟಿ ಕೊಡುವುದು, ಸರದಿ ಬಂದಾಗ ಕರೆಯುವುದು, ಫೈಲು ತೆಗೆದು ಡಾಕ್ಟರಮ್ಮನ ಮೇಜಿಗೆ ಮುಟ್ಟಿಸುವುದು, ಸಂಜೆ ಮತ್ತೆ ಅದನ್ನು ಒಳಗಿಡುವುದು ನನ್ನ ಕೆಲಸ. ಈಗ ಕಂಪ್ಯೂಟರ್ ಬಂದಿದೆ, ಅದಕ್ಕೊಂದು ಪಾಸ್‌ವರ್ಡೂ ಇದೆ. ಆದರೆ ಹಳೆಯ ಫೈಲುಗಳೆಲ್ಲ ನನ್ನ ಬೆನ್ನ ಹಿಂದಿನ ಕಬ್ಬಿಣದ ಕಪಾಟಿನಲ್ಲೇ ಇವೆ. "ಇದ್ರಾಗ ಇರೋದು ಇದ್ರಾಗ ಇರಬೇಕು ನೋಡಮ್ಮ" ಎಂದು ಡಾಕ್ಟರಮ್ಮ ಮೊದಲ ದಿನವೇ ಬೀಗದ ಕೈ ಕೊಟ್ಟು ಹೇಳಿದ್ದರು. ನಾನು ಹೂಂ ಎಂದಿದ್ದೆ. ಹೂಂ ಎನ್ನುವುದಕ್ಕೆ ಏನು ಖರ್ಚು?

ಕ್ಲಿನಿಕ್ಕಿಗೆ ಬರುವವರೆಲ್ಲ ರೋಗಿಗಳಲ್ಲ ಎಂಬುದು ನನಗೆ ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ಮದುವೆಯ ಕಾಲ ಬಂತೆಂದರೆ ಇಸ್ತ್ರಿ ಬಟ್ಟೆ ಹಾಕಿಕೊಂಡ, ಕೆಮ್ಮು ಜ್ವರ ಏನೂ ಇಲ್ಲದ ಜನ ಬರಲು ಶುರು. ಅವರು ಬೆಂಚಿನ ಮೇಲೆ ಕೂರುವುದಿಲ್ಲ. ಸೀದಾ ಕೌಂಟರಿಗೆ ಬಂದು, ಮೊಣಕೈ ಊರಿ, ಇಂಥ ಊರಿನ ಇಂಥವರ ಹುಡುಗಿ ನೋಡೀವಿ, ನಿಮ್ಮಲ್ಲೇ ತೋರಿಸ್ಕೋತಾಳಂತ, ಏನಾರ ಐತೇನ್ರಿ ಎಂದು ಕೇಳುತ್ತಾರೆ. ಕೆಲವರು ಗುಟ್ಟಿರಲೆಂದು ತೆಲುಗಿನಲ್ಲಿ ಕೇಳುತ್ತಾರೆ. ಬಳ್ಳಾರಿಯಲ್ಲಿ ತೆಲುಗಿನಲ್ಲಿ ಗುಟ್ಟು ಹೇಳಿದರೆ ಬೆಂಚಿನ ಮೇಲಿದ್ದ ಅಷ್ಟೂ ಜನ ಕಿವಿ ನಿಮಿರಿಸುತ್ತಾರೆ, ಅದು ಅವರಿಗೆ ಹೊಳೆಯುವುದಿಲ್ಲ.

ನಾನು ಏನು ಮಾಡುತ್ತಿದ್ದೆನೆಂದರೆ, ಹುಡುಗಿಗೆ ನೆಗಡಿ ಕೆಮ್ಮು ಬಿಟ್ಟು ಬೇರೇನೂ ಇಲ್ಲವೆಂದು ಗೊತ್ತಿದ್ದರೆ "ಏನೂ ಇಲ್ರಿ, ಆರಾಮ ಅದಾಳ, ಕಣ್ಣು ಮುಚ್ಚಿ ಮಾಡ್ಕೊಳ್ರಿ" ಎಂದುಬಿಡುತ್ತಿದ್ದೆ. ಇದ್ದ ರೋಗವನ್ನು ಹೇಳಬಾರದು, ಸರಿ. ಇಲ್ಲದ್ದನ್ನು ಇಲ್ಲ ಎಂದರೆ ಯಾರ ಗಂಟು ಹೋಗುತ್ತದೆ? ಹೀಗೆ ನನ್ನ ಬಾಯಿಮಾತಿನ ಮೇಲೆ ಎಷ್ಟೋ ಮದುವೆಗಳಾದವು. ಲಗ್ನಪತ್ರಿಕೆ ಬಂದವು, ಲಾಡು ಬಂದವು. ನಾನೇ ಕನ್ಯಾದಾನ ಮಾಡಿದವಳ ಹಾಗೆ ಬೀಗುತ್ತಿದ್ದೆ.

ಆಮೇಲೆ ರೂಪನಗುಡಿ ಕಡೆಯ ಒಬ್ಬ ಹುಡುಗಿಯ ವಿಷಯ ಬಂತು. ಅವಳು ತಿಂಗಳಿಗೊಮ್ಮೆ ಬಂದು ಮಾತ್ರೆ ಬರೆಸಿಕೊಂಡು ಹೋಗುತ್ತಿದ್ದಳು. ಯಾವ ಮಾತ್ರೆ ಎಂದು ಇಲ್ಲಿ ಬರೆಯುವುದಿಲ್ಲ. ಗಂಡಿನ ಕಡೆಯ ಹಿರಿಯರೊಬ್ಬರು ಬಂದು ಅವಳ ಹೆಸರು ಹೇಳಿ ವಿಚಾರಿಸಿದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ, ನಿಜ ಹೇಳುವಂತಿರಲಿಲ್ಲ. ತಲೆ ತಗ್ಗಿಸಿ ಚೀಟಿಗಳನ್ನು ಜೋಡಿಸುತ್ತ ಕೂತೆ. ಅವರು ಒಂದು ನಿಮಿಷ ನನ್ನನ್ನೇ ನೋಡಿ, "ತಿಳೀತು ಬಿಡ್ರಿ" ಎಂದು ಹೊರಟುಹೋದರು.

ಮುಂದಿನ ತಿಂಗಳು ಆ ಹುಡುಗಿ ಬಂದಳು. ಸಂಬಂಧ ಮುರಿದುಹೋಗಿತ್ತು. "ನಾನ ಹೇಳೋಳಿದ್ದೆ ಅಕ್ಕಾ. ಆ ಭಾನುವಾರ ಹುಡುಗ ಬರೋನಿದ್ದ. ಏನ್ ಹೇಳ್ಬೇಕು, ಹೆಂಗ್ ಹೇಳ್ಬೇಕು ಅಂತ ಬಾಯಿಪಾಠ ಮಾಡ್ಕೊಂಡಿದ್ದೆ" ಎಂದಳು.

"ನಾ ಅವ್ರಿಗೆ ಏನೂ ಹೇಳಿಲ್ಲವ್ವ."

"ಹೌದು. ಅದಕ್ಕ ಅವ್ರಿಗೆ ಗೊತ್ತಾತು. ಉಳದೋರಿಗೆಲ್ಲ ಏನೂ ಇಲ್ಲ ಅಂತ ಹೇಳ್ತೀರಿ. ನನ್ನ ಹೆಸರು ಬಂದ್ರ ಸುಮ್ಮನ ಕುಂದರ್ತೀರಿ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಚೀಟಿ ತೆಗೆದುಕೊಂಡು ಹೋಗಿ ತನ್ನ ಸರದಿಗೆ ಕಾಯುತ್ತ ಕೂತಳು. ಮಧ್ಯಾಹ್ನ ಡಾಕ್ಟರಮ್ಮನ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಕೆಲಸ ಹೋಯಿತೆಂದೇ ತಿಳಿದಿದ್ದೆ. ಅವರು ಕೈಯಲ್ಲಿದ್ದ ಫೈಲು ಮುಚ್ಚಿಟ್ಟರು. "ಆಕಿಗೆ ನಾವಿಬ್ರೂ ತಪ್ಪು ಮಾಡೀವಿ. ಕೇಳಿದೋರಿಗೆ ಏನ್ ಹೇಳ್ಬೇಕಂತ ನಾನೂ ನಿನಗ ಕಲಿಸಲಿಲ್ಲ. ಇನ್ನ ಮ್ಯಾಲ ಯಾರ ಕೇಳಿದ್ರೂ, ಯಾರ ವಿಷಯ ಕೇಳಿದ್ರೂ, ಒಂದ ಉತ್ತರ ಇರಬೇಕು" ಎಂದರು.

ಆ ಉತ್ತರವನ್ನು ಇಬ್ಬರೂ ಕೂತು ಕಟ್ಟಿದೆವು. "ಯಾರ ವಿಷಯಾನೂ ಹೇಳಂಗಿಲ್ರಿ. ಇಲ್ಲಿಗೆ ಬರ್ತಾರೋ ಇಲ್ಲೋ, ಅದನ್ನೂ ಹೇಳಂಗಿಲ್ಲ." ಅಂದಿನಿಂದ ಕಲ್ಲಿನಂಥ ಪೈಲ್ವಾನನ ಬಗ್ಗೆ ಕೇಳಿದರೂ ಇದೇ, ಹಾಸಿಗೆ ಹಿಡಿದವರ ಬಗ್ಗೆ ಕೇಳಿದರೂ ಇದೇ. ಜನ ಮುನಿಸಿಕೊಂಡರು. ಇಷ್ಟು ದಿನ ಹೇಳ್ತಿದ್ದಾಕಿಗೆ ಈಗೇನು ಕೊಬ್ಬು ಎಂದರು. ಲಾಡು ಬರುವುದು ನಿಂತಿತು, ನನಗೂ ಸ್ವಲ್ಪ ಸಕ್ಕರೆ ಕಡಿಮೆಯಾಗಿ ಒಳ್ಳೆಯದೇ ಆಯಿತು. ರೂಪನಗುಡಿ ಕಡೆಯ ಆ ಹುಡುಗಿ ಮುಂದೆ ಇನ್ನೊಬ್ಬನಿಗೆ ತಾನೇ ಬಾಯಿಬಿಟ್ಟು ಹೇಳಿ ಮದುವೆಯಾದಳು. ಈಗ ಮಾತ್ರೆ ಬರೆಸಲು ಗಂಡನ ಜೊತೆಗೇ ಬರುತ್ತಾಳೆ. ಅವನು ಹೊರಗೆ ಗಾಡಿಯ ಮೇಲೆ ಕೂತು ಮಿರ್ಚಿ ತಿನ್ನುತ್ತಿರುತ್ತಾನೆ.

ಇದೆಲ್ಲ ನನಗೆ ಸಲೀಸಾಗಿ ಅಭ್ಯಾಸವಾಗಿದೆ ಎಂದುಕೊಂಡಿದ್ದಾಗಲೇ ನನ್ನ ತಂಗಿಗೆ ಗಂಡು ನೋಡುವ ಮಾತು ಶುರುವಾಯಿತು.

ನನ್ನ ತವರು ಕುರುಗೋಡು. ತಂಗಿ ಅಲ್ಲಿ ಅವ್ವನ ಜೊತೆಗಿದ್ದಾಳೆ, ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಸಿರುಗುಪ್ಪದ ಹುಡುಗ, ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕ. ತಾಯಿ ಮಗ ಇಬ್ಬರೇ. ಅವರು ನೋಡಲು ಬಂದದ್ದು ಸೋಮವಾರ. ಕ್ಲಿನಿಕ್ಕಿನಲ್ಲಿ ಸೋಮವಾರ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಹಾಗಾಗಿ ನಾನು ಹೋಗಿರಲಿಲ್ಲ. ಆದರೆ ಆಮೇಲೆ ತಂಗಿ ಫೋನಿನಲ್ಲಿ ಮಾತಾಡುವ ಧಾಟಿಯೇ ಬದಲಾಗಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಹಾಡು ಹೇಳುತ್ತಾಳೆಂದು ಅವ್ವ ದೂರಿದಳು. ಹುಡುಗ ಅವಳಿಗೆ ಬಹಳ ಹಿಡಿಸಿದ್ದ.

ಒಂದು ವಾರದ ಮೇಲೆ ಕೌಂಟರಿನ ಮುಂದೆ ಒಬ್ಬ ಹೆಂಗಸು ಬಂದು ನಿಂತರು. ಹಸಿರು ಸೀರೆ, ಕೈತುಂಬ ಬಳೆ, ಕೆಮ್ಮಿಲ್ಲ, ಜ್ವರವಿಲ್ಲ. ಮೊಣಕೈ ಊರಿದರು.

"ನಾವು ಸಿರುಗುಪ್ಪದಾಗ ಇರ್ತೀವ್ರಿ. ಮಗಗ ಕುರುಗೋಡಾಗ ಹುಡುಗಿ ನೋಡೀವಿ, ಸಾಲಿ ಟೀಚರ್. ಹಿಂದ ಕಾಲು ಎಳಕೊಂಡು ನಡೀತಿದ್ಲು, ನಿಮ್ಮ ದವಾಖಾನಿಗೆ ಬರ್ತಿದ್ಲು ಅಂತ ಯಾರೋ ಅಂದ್ರು. ಖರೇನಾ?"

ಇದು ನನ್ನ ತಂಗಿಯ ವಿಷಯವೇ. ತಂಗಿ ಹಿಂದಿನ ವರ್ಷ ಸ್ಕೂಟಿಯಿಂದ ಬಿದ್ದು ಪಾದ ಉಳುಕಿಸಿಕೊಂಡಿದ್ದಳು. ಇದನ್ನು ಅವಳೇ ಊರೆಲ್ಲ ನಗುತ್ತ ಹೇಳಿಕೊಂಡು ತಿರುಗುವುದರಿಂದ ನಾನೂ ಬರೆಯುತ್ತಿದ್ದೇನೆ. ಹದಿನೈದು ದಿನ ಕುಂಟಿದ್ದಳು, ಈಗ ಜಿಂಕೆಯ ಹಾಗೆ ಓಡಾಡುತ್ತಾಳೆ. ಅವಳ ಫೈಲು ನನ್ನ ಬೆನ್ನಿಗೆ ಒಂದು ಮೊಳ ದೂರದಲ್ಲಿತ್ತು. "ಏನೂ ಇಲ್ರಿ" ಎಂಬ ಎರಡೇ ಮಾತು, ತಂಗಿಯ ಮದುವೆ ಆಗಿಹೋಗುತ್ತಿತ್ತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುವುದು ಅಂದರೇನೆಂದು ಆವತ್ತು ಕಲಿತೆ.

"ಯಾರ ವಿಷಯಾನೂ ಹೇಳಂಗಿಲ್ರಿ. ಇಲ್ಲಿಗೆ ಬರ್ತಾರೋ ಇಲ್ಲೋ, ಅದನ್ನೂ ಹೇಳಂಗಿಲ್ಲ."

ಅವರು ಮೂರು ಸಲ ಕೇಳಿದರು, ನಾನು ಮೂರು ಸಲವೂ ಅದನ್ನೇ ಹೇಳಿದೆ. ಸೆರಗು ಕೊಡವಿ ಹೊರಟುಹೋದರು. ನಾನು ಮುಂದಿನ ರೋಗಿಯ ಹೆಸರನ್ನು ಎರಡು ಸಲ ತಪ್ಪಾಗಿ ಕೂಗಿದೆ.

ಸಂಜೆ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವ್ವ ನನ್ನ ನೀರಿಳಿಸಿದಳು. "ಏನೂ ಇಲ್ಲ ಅನ್ನಾಕ ನಿನ್ನ ಬಾಯಾಗ ಕಡುಬು ಇತ್ತೇನು? ಒಡಹುಟ್ಟಿದಾಕಿಗೆ ಒಂದು ಮಾತು ಆಡಾಕ ಆಗ್ಲಿಲ್ಲ ನಿನಗ." ಆಮೇಲೆ ತಂಗಿ ಫೋನ್ ತೆಗೆದುಕೊಂಡಳು.

"ನೀನು ಹೂಂ ಅಂದ್ರ ನಾಳಿ ನಾನ ಸಿರುಗುಪ್ಪಕ್ಕ ಹೋಗಿ ನಿನ್ನ ಫೈಲ್ ತೋರಿಸಿ ಬರ್ತೀನಿ" ಎಂದೆ. ಫೈಲು ಅವಳದು, ಅವಳು ಒಪ್ಪಿದರೆ ತೋರಿಸಬಹುದಿತ್ತು.

"ಬ್ಯಾಡಕ್ಕ. ನಾನೇನು ಸಂತ್ಯಾಗ ನಿಂತ ಎಮ್ಮಿ ಏನು, ಕಾಲು ಬಾಲ ತೋರಿಸಾಕ" ಎಂದು ನಕ್ಕಳು. ನಗು ಬೇಗ ನಿಂತುಹೋಯಿತು. "ಅವ್ರು ಬ್ಯಾಡ ಅಂತಾರೇನು?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

ಸಿರುಗುಪ್ಪದಿಂದ ಸುದ್ದಿಯಿಲ್ಲ. ತಂಗಿ ಹಾಡುವುದನ್ನು ಬಿಟ್ಟಿದ್ದಾಳೆಂದು ಅವ್ವ ದಿನಾ ಫೋನ್ ಮಾಡಿ ನನಗೆ ಚುಚ್ಚುತ್ತಿದ್ದಳು. ನಾನು ಊಟ ಮಾಡಿದ್ದೂ ಮೈಗೆ ಹತ್ತುತ್ತಿರಲಿಲ್ಲ. ಒಂದು ಉಳುಕಿದ ಪಾದಕ್ಕಾಗಿ ಇಷ್ಟೊಂದು ನೇಮವೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಐದನೆಯ ದಿನ ಮಧ್ಯಾಹ್ನ, ಬೆಂಚು ಖಾಲಿಯಾದ ಹೊತ್ತಿನಲ್ಲಿ, ಅದೇ ಹೆಂಗಸು ಬಂದರು. ಈ ಸಲ ಮೊಣಕೈ ಊರಲಿಲ್ಲ. ಆಚೆ ಈಚೆ ನೋಡಿ, ದನಿ ತಗ್ಗಿಸಿದರು.

"ಆವತ್ತು ಅಷ್ಟು ಕೇಳಿದ್ರೂ ನೀವು ಆ ಹುಡುಗಿ ವಿಷಯ ಹೇಳ್ಲಿಲ್ಲ. ನನ್ನ ವಿಷಯಾನೂ ಹಂಗ ಹೇಳಂಗಿಲ್ಲೇನು?"

"ಯಾರಿಗೂ ಹೇಳಂಗಿಲ್ರಿ."

"ನನ್ನ ಮಗ ಬಂದು ಕೇಳಿದ್ರ?"

"ಹೇಳಂಗಿಲ್ರಿ."

"ಬರೋ ಸೊಸಿ ಕೇಳಿದ್ರ? ಅದ, ಆ ಕುರುಗೋಡು ಹುಡುಗಿ. ಆಕಿ ನೆಟ್ಟಗ ನಡಿಯೋದು ನಾನ ಕಣ್ಣಾರೆ ನೋಡೀನಿ."

ಬರೋ ಸೊಸೆ. ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಅದನ್ನು ಹೆಕ್ಕುವ ನೆಪದಲ್ಲಿ ಬಗ್ಗಿ, ಮೇಜಿನ ಕೆಳಗೆ ಒಬ್ಬಳೇ ಬಾಯಿ ತುಂಬ ನಕ್ಕು, ಮುಖ ಒರೆಸಿಕೊಂಡು ಮೇಲೆದ್ದೆ. ಸುಮ್ಮನೆ ಅವರ ಫೈಲು ಮಾಡಿ ಒಳಗೆ ಕಳಿಸಬಹುದಿತ್ತು. ಆದರೆ ಅದು ಮೋಸವಾಗುತ್ತಿತ್ತು. ನಿಜ ತಿಳಿದು ಅವರು ಹೊರಟುಹೋದರೆ ತಂಗಿಯ ಗತಿಯೇನು ಎಂಬ ಭಯವೂ ಇತ್ತು.

"ಒಂದು ಮಾತು ಹೇಳ್ತೀನ್ರಿ. ಕೇಳಿದ ಮ್ಯಾಲ ಇಲ್ಲಿ ತೋರಿಸ್ಕೋಬೇಕೋ ಬ್ಯಾಡೋ ನೀವ ಹೇಳ್ರಿ. ಆ ಹುಡುಗಿ ನನ್ನ ತಂಗಿ."

"ದೂರದ ತಂಗಿನಾ?"

"ಒಡಹುಟ್ಟಿದಾಕಿ."

ಅವರು ನನ್ನನ್ನು ನೋಡಿದರು, ನನ್ನ ಹಿಂದಿನ ಕಪಾಟನ್ನು ನೋಡಿದರು. "ಸ್ವಂತ ತಂಗಿ. ಒಂದು ಚಲೋ ಮಾತು ಹೇಳಿದ್ರ ಆಕಿ ಲಗ್ನ ಆಗತಿತ್ತು, ಅದನ್ನೂ ಹೇಳ್ಲಿಲ್ಲ ನೀವು" ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೆಮ್ಮದಿಯಾಗಿ ಕೂತರು. "ಬರಕೋರಿ ನನ್ನ ಹೆಸರು. ಏಳು ವರ್ಷದಿಂದ ಯಾರಿಗೂ ಹೇಳಿಲ್ಲ."

ಅವರು ಹೇಳಿದರು, ನಾನು ಬರೆದುಕೊಂಡೆ. ವಾಸಿಯಾಗದ್ದೇನಲ್ಲ, ಈಗ ಆರಾಮವಾಗಿದ್ದಾರೆ. ಇದನ್ನು ಬರೆಯುವ ಮೊದಲು ಅವರನ್ನೂ ರೂಪನಗುಡಿ ಕಡೆಯ ಹುಡುಗಿಯನ್ನೂ ಕೇಳಿದ್ದೇನೆ. "ಊರ ಹೆಸರು ಬೇಕಾದ್ರ ಹಾಕು, ರೋಗದ ಹೆಸರು ಹಾಕಿದಿ ಅಂದ್ರ ನೋಡು" ಎಂದು ಬೀಗತಿ ಬೆರಳು ತೋರಿಸಿದರು.

ಆ ಸಂಜೆಯೇ ತಂಗಿಯ ಫೋನ್ ಬಂತು. ಹಿಂದೆ ಅವ್ವ ಯಾರಿಗೋ ಜೋರಾಗಿ ಸುದ್ದಿ ಹೇಳುತ್ತಿದ್ದಳು.

"ಅಕ್ಕಾ, ಅತ್ತಿ ಒಪ್ಪ್ಯಾರ. ಬಳ್ಳಾರಿಯಿಂದ ಈಗ ಬಂದೆ, ನಿಶ್ಚಯಕ್ಕ ದಿನ ನೋಡ್ರಿ ಅಂತ ಫೋನ್ ಮಾಡಿದ್ರು. ಮತ್ತ ನಿನ್ನ ಕ್ಲಿನಿಕ್ಕಿಗೆ ಬಂದಿದ್ರೇನು? ಯಾಕ ಬಂದಿದ್ರು?"

"ಯಾರು ಬರ್ತಾರೋ ಇಲ್ಲೋ, ಅದನ್ನ ನಾ ಹೇಳಂಗಿಲ್ಲ."

"ನನಗೂ?" ಎಂದು ಕೇಳಿದಳು.

"ನಿನಗೂ" ಎಂದೆ.