ಪ್ಲಸ್ ತಂತಿ ಫ್ರೇಮಿಗೆ

ಗ್ಲೆನಿಸ್‌ಗೆ ಮುಂದಿನ ಎರಡು ಹಲ್ಲುಗಳಿಲ್ಲ. ಓಪಲ್ ಎಂಬ ರತ್ನದ ಕಲ್ಲು ಅಗೆಯುವವರ ಈ ಊರಿನಲ್ಲಿ ಆ ಬಗ್ಗೆ ಯಾರೂ ಕೇಳುವುದಿಲ್ಲ. ಹಲ್ಲು ಹೋದ ದಿನ ಅರ್ಧ ಊರು ಅವಳ ಶೆಡ್ಡಿನ ಮುಂದೆಯೇ ನಿಂತಿತ್ತು. ಹಳೆಯ ಬೈಕು ತಳ್ಳಿಕೊಂಡು ಬಂದ ಹೊಸಬರು ಯಾರಾದರೂ ಅವಳ ಬಾಯಿಯನ್ನೇ ನೋಡುತ್ತ ನಿಂತರೆ, "ರಿಪೇರಿ ನನಗೋ ಬೈಕಿಗೋ? ಒಳಗೆ ತಗೊಂಡು ಬಾ" ಎಂದು ಗದರುತ್ತಾಳೆ.

ಈ ರಿಪೇರಿ ವಿದ್ಯೆ ಬಂದದ್ದು ಅಪ್ಪ ಕ್ಲಾರಿಯಿಂದ. ಅವನ ಆಸ್ತಿಯೆಂದರೆ ಒಂದು ಹಳೆಯ ಇಂಗ್ಲಿಷ್ ಬೈಕು, ಜೊತೆಗೆ ಸಣ್ಣ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿಕೊಂಡ ಪರೀಕ್ಷೆಯ ದೀಪ. ಬೈಕು ಮುನಿಸಿಕೊಂಡಾಗಲೆಲ್ಲ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ದೀಪ ಹತ್ತೋವರೆಗೂ ತಂತಿ ಸರಿಯಾಗಿದೆ ಮಗಾ. ಎಲ್ಲಿ ಹತ್ತಲಿಲ್ವೋ ಅಲ್ಲೇ ಹಿಂದೆ ಎಲ್ಲೋ ಕಳ್ಳ ಕೂತಿದಾನೆ, ಹಿಡಿ" ಎನ್ನುತ್ತಿದ್ದ. ಇನ್ನೊಂದು ಮಾತನ್ನಂತೂ ಸಾಯುವ ತನಕ ಹೇಳುತ್ತಲೇ ಇದ್ದ: "ಈಗಿನ ಗಾಡಿಗಳೆಲ್ಲ ಬ್ಯಾಟರಿಯ ಮೈನಸ್ ತಂತಿ ಫ್ರೇಮಿಗೆ ಹಾಕ್ತವೆ. ಇವಳು ಹಳೇ ಕಾಲದವಳು, ಇವಳಿಗೆ ಪ್ಲಸ್ಸೇ ಫ್ರೇಮಿಗೆ ಹೋಗ್ಬೇಕು. ಉಲ್ಟಾ ಹಾಕಿದ್ಯೋ, ಮೈಯೆಲ್ಲ ಸುಟ್ಕೊಳ್ತಾಳೆ."

ಅಪ್ಪ ಹೋದ, ಬೈಕು ಉಳಿಯಿತು. ಆಮೇಲೆ ಡೆಸ್ ಬಂದ. ಅವನನ್ನು ಇವಳು ಯಾಕೆ ಮದುವೆಯಾದಳೋ ದೇವರೇ ಬಲ್ಲ. ಹೆಂಡತಿ ತಪ್ಪು ಮಾಡಿದರೆ ಅವನು ಬೈಯುತ್ತಿದ್ದ; ಸರಿಯಾದದ್ದು ಹೇಳಿದರೆ ಹೊಡೆಯುತ್ತಿದ್ದ. ಹೊಡೆದು ಸುಮ್ಮನಾಗುವವನೂ ಅಲ್ಲ, ಅವಳು ಹೇಳಿದ್ದಕ್ಕೆ ತದ್ವಿರುದ್ಧವಾಗಿ ಮಾಡಿ ತೋರಿಸಿದರೇ ಅವನಿಗೆ ಸಮಾಧಾನ. ಒಮ್ಮೆ ಬೈಕಿನ ಫ್ಯೂಸ್ ಹೋದಾಗ ಆ ಜಾಗಕ್ಕೆ ಮೊಳೆ ತುರುಕಿದ. "ಮೊಳೆ ಬೇಡ ಡೆಸ್, ತಂತಿಗೆ ಬೆಂಕಿ ಬಿದ್ದೀತು" ಅಂದದ್ದಕ್ಕೆ ಅವಳ ತಲೆಯನ್ನು ಗೋಡೆಗೆ ಜಜ್ಜಿದ. ಗಾಯ ಒಣಗಿದ ಮೇಲೆ ಅವಳು ಸದ್ದಿಲ್ಲದೆ ಮೊಳೆ ತೆಗೆದು ಒಳ್ಳೆಯ ಫ್ಯೂಸ್ ಹಾಕಿದಳು. ಮೊಳೆ ಸ್ಕ್ರೂ ಡಬ್ಬಿ ಸೇರಿತು.

ಹಲ್ಲು ಹೋದ ವರ್ಷದ ಬೇಸಿಗೆಯಲ್ಲಿ, "ಟ್ರಕ್ಕಿನ ರೇಡಿಯೇಟರಲ್ಲಿ ನೀರಿಲ್ಲ" ಎಂದಳು. ಕೆನ್ನೆಗೊಂದು ಬಾರಿಸಿ ಹಾಗೇ ಓಡಿಸಿಕೊಂಡು ಹೋದ. ದಾರಿಯಲ್ಲಿ ಇಂಜಿನ್ ಜಾಮ್ ಆಯಿತು. ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಬಂದವನು ಅಂಗಳದಲ್ಲೇ ಅವಳ ಪಕ್ಕೆಗೆ ಒದೆಯತೊಡಗಿದ. ಹದಿನೇಳರ ಮಗಳು ರೋಬಿನ್ ಅಡ್ಡ ಬಂದಳು. "ಅಮ್ಮ ಹೇಳಿದ್ದು ಸರಿಯಾಗೇ ಇತ್ತಲ್ಲಪ್ಪ!" ಎಂದಳು. ಅಷ್ಟಕ್ಕೇ ಅವಳ ತೋಳು ತಿರುಚಿ ಮುರಿದ. ಮೂಳೆ ಮುರಿದ ಸದ್ದು ಪಕ್ಕದ ಗುಂಡಿಯಲ್ಲಿ ಅಗೆಯುತ್ತಿದ್ದ ಮಿಲೋರಾಡ್‌ಗೂ ಕೇಳಿಸಿತಂತೆ.

ಮರುದಿನ ಬೆಳಿಗ್ಗೆ ಡೆಸ್ ಕುಡಿದು ಬಿದ್ದಿದ್ದಾಗ ಆ ಮಿಲೋರಾಡನೇ ರೋಬಿನ್‌ಳನ್ನು ಹೆದ್ದಾರಿಯ ಪೆಟ್ರೋಲ್ ಬಂಕಿಗೆ ಬಿಟ್ಟು ಬಂದ. ಅಡಿಲೇಡ್ ಬಸ್ಸು ಅಲ್ಲಿಗೆ ಬರುವುದು ಮಧ್ಯಾಹ್ನ. ಆದರೆ ಡೆಸ್ ಅದಕ್ಕೂ ಮುಂಚೆಯೇ ಎದ್ದ.

"ಎಲ್ಲೇ ಅವಳು?"

ಗ್ಲೆನಿಸ್ ಬ್ರೆಡ್ಡು ಕೊಯ್ಯುತ್ತಲೇ ಇದ್ದಳು. ಒಲೆಯ ಮೇಲಿದ್ದ ಬಿಸಿ ಕೆಟಲ್ ಅವಳ ಮೊಣಕಾಲಿಗೆ ಬಂದು ಬಡಿಯಿತು. ಕೇಳುವ ಅಗತ್ಯವೇನೂ ಅವನಿಗಿರಲಿಲ್ಲ. ಈ ಊರು ಬಿಟ್ಟು ಹೋಗುವುದಕ್ಕೆ ಬಸ್ಸು ಒಂದೇ.

"ಬಸ್ ಬರೋದ್ರೊಳಗೆ ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ. ಮುರಿಯೋಕೆ ಇನ್ನೊಂದು ಕೈ ಇದೆಯಲ್ಲ! ನಿನ್ನಪ್ಪನ ಬೈಕ್ ತೆಗಿ."

ಶೆಡ್ಡಿನಲ್ಲಿದ್ದ ಬೈಕು ಸ್ಟಾರ್ಟ್ ಆಗಲಿಲ್ಲ. ಅವನು ಸ್ಪ್ಯಾನರ್ ಹಿಡಿದು ಅವಳ ತಲೆಯ ಮೇಲೆಯೇ ನಿಂತ. ಅವಳು ಪರೀಕ್ಷೆಯ ದೀಪ ತೆಗೆದಳು. ನೇರ ಬ್ಯಾಟರಿಗೆ ಹಿಡಿದರೂ ದೀಪ ಹತ್ತಲಿಲ್ಲ.

"ಬ್ಯಾಟರಿ ಸತ್ತಿದೆ."

"ಟ್ರಕ್ಕಿನದು ಬಿಚ್ಕೊಂಡು ಬರ್ತೀನಿ. ಅಲ್ಲಾಡ್ಬೇಡ."

ಅವನು ಹೊರಗೆ ಹೋದ. ಮಂಡಿಯಲ್ಲಿ ಬೊಬ್ಬೆ ಎದ್ದಿತ್ತು, ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಗ್ಲೆನಿಸ್ ಅಪ್ಪನ ಬೈಕಿನ ಟ್ಯಾಂಕಿನ ಮೇಲೆ ಒಮ್ಮೆ ಕೈಯಿಟ್ಟಳು. ಲೋಕದಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಆಮೇಲೆ ಸ್ಕ್ರೂ ಡಬ್ಬಿ ತಡಕಿ, ಒಳ್ಳೆಯ ಫ್ಯೂಸ್ ಕಿತ್ತು, ಅವನ ಮೊಳೆಯನ್ನೇ ಮತ್ತೆ ಅಲ್ಲಿಟ್ಟಳು. ಕಾರ್ಬುರೇಟರಿನ ಗುಂಡಿಯನ್ನು ಪೆಟ್ರೋಲ್ ಉಕ್ಕಿ ಇಂಜಿನ್ ಮೇಲೆ ತೊಟ್ಟಿಕ್ಕುವ ತನಕ ಒತ್ತಿ ಹಿಡಿದಳು.

ಡೆಸ್ ಬ್ಯಾಟರಿ ತಂದು ಸೀಟಿನ ಮೇಲಿಟ್ಟು ಹಗ್ಗದಿಂದ ಬಿಗಿದ. ತಂತಿಗಳಿಗೆ ಕೈ ಹಾಕಿದ.

ಸುಳ್ಳು ಹೇಳಿದ್ದರೆ ಅವನು ಅದಕ್ಕೆ ವಿರುದ್ಧವಾಗಿ ಹಾಕಿ ಬೈಕು ಸರಿಮಾಡಿಬಿಡುತ್ತಿದ್ದ. ಅವಳು ಗಂಟಲು ಸರಿ ಮಾಡಿಕೊಂಡು ಗಟ್ಟಿಯಾಗಿಯೇ ಹೇಳಿದಳು:

"ಡೆಸ್, ಪ್ಲಸ್ ತಂತಿ ಫ್ರೇಮಿಗೆ ಹಾಕು. ಇದು ಹಳೇ ಗಾಡಿ. ಮೈನಸ್ ಹಾಕಿದ್ರೆ ಸುಟ್ಟುಹೋಗತ್ತೆ."

ಸ್ಪ್ಯಾನರಿನ ಹಿಂಬದಿ ಅವಳ ದವಡೆಗೆ ಬಿತ್ತು. "ನನಗೇ ಪಾಠ ಹೇಳ್ತೀಯೇನೇ? ಜಗತ್ತೆಲ್ಲ ಮೈನಸ್ ಹಾಕತ್ತೆ, ನಿನ್ನಪ್ಪ ಒಬ್ಬ ದೊಡ್ಡ ಪಂಡಿತ!" ಎಂದು ಅವಳ ಕಣ್ಣೆದುರಿಗೇ, ಬೇಕೆಂದೇ, ಮೈನಸ್ ತಂತಿಯನ್ನು ಫ್ರೇಮಿಗೆ ಬಿಗಿದು, ಪ್ಲಸ್ಸನ್ನು ಬೈಕಿನ ಇನ್ನೊಂದು ತಂತಿಗೆ ತಾಗಿಸಿದ.

ಚಟ್ ಎಂದು ಕಿಡಿ ಹಾರಿತು. ಮೊಳೆ ಕೆಂಪಗಾಯಿತು, ಫ್ಯೂಸಿನ ಹಾಗೆ ಕಡಿದು ಬೀಳಲಿಲ್ಲ. ಟ್ಯಾಂಕಿನ ಅಡಿಯಿಂದ ಹೊಗೆ ಬಂತು, ತಂತಿಗಳು ರಬ್ಬರು ಕರಗಿ ಬೆತ್ತಲಾದವು, ಉಕ್ಕಿದ ಪೆಟ್ರೋಲಿಗೆ ಬೆಂಕಿ ಭಗ್ಗೆಂದು ಹತ್ತಿತು. ಡೆಸ್ ಬ್ಯಾಟರಿ ಕೀಳಲು ಬೆಂಕಿಯೊಳಗೆ ಕೈ ಹಾಕಿದ. ಸುಟ್ಟ ರಬ್ಬರು ಅಂಗೈಗೆ ಅಂಟಿಕೊಂಡು ಚರ್ಮದ ಸಮೇತ ಬಂತು. ಊಳಿಡುತ್ತಲೇ ತಿರುಗಿ, ಇನ್ನೊಂದು ಕೈಯಲ್ಲಿದ್ದ ಸ್ಪ್ಯಾನರಿನಿಂದ ಅವಳ ಬಾಯಿಗೆ ಹೊಡೆದ. ಹಲ್ಲುಗಳು ಹೋದದ್ದು ಆಗಲೇ. ಬಿದ್ದವಳನ್ನು ಅಂಗಳಕ್ಕೆ ಎಳೆದು ಒದ್ದ, ತುಳಿದ, ಬಂಡೆಯನ್ನು ಒಡೆಯುವವನಂತೆ ಬಡಿದ. ಮಿಲೋರಾಡ್ ಸಲಿಕೆ ಎತ್ತಿಕೊಂಡು ಓಡಿ ಬಂದು ಅವನ ಹೆಗಲಿಗೆ ಬಾರಿಸುವ ತನಕ ಬಿಡಲಿಲ್ಲ.

ಶೆಡ್ಡು ಉರಿಯುತ್ತಿತ್ತು, ಜನ ಸೇರಿದ್ದರು. ನೆಲದ ಮೇಲೆ ಬಿದ್ದಲ್ಲಿಂದಲೇ ಗ್ಲೆನಿಸ್ ಹೆದ್ದಾರಿಯ ಕಡೆ ನೋಡಿದಳು. ದಕ್ಷಿಣಕ್ಕೆ, ಅಡಿಲೇಡಿಗೆ ಹೋಗುವ ಬಸ್ಸು ಬಿಸಿಲಿನಲ್ಲಿ ಮಿನುಗುತ್ತ ದಾಟಿ ಹೋಯಿತು. ರಕ್ತ ತುಂಬಿದ ಬಾಯಲ್ಲೇ ಅವಳು ನಕ್ಕಳಂತೆ. ಮಿಲೋರಾಡ್ ಈಗಲೂ ಅದನ್ನು ಹೇಳಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ. ಪೊಲೀಸರು ಬಂದಾಗ ಅವಳು ಎಂದಿನಂತೆ "ಜಾರಿ ಬಿದ್ದೆ" ಎನ್ನಲಿಲ್ಲ. ಡೆಸ್ ಜೈಲಿಗೆ ಹೋದ, ತಿರುಗಿ ಈ ಕಡೆ ತಲೆ ಹಾಕಲಿಲ್ಲ.

ಹಲವು ವರ್ಷಗಳ ಮೇಲೆ ಕ್ರಿಸ್ಮಸ್‌ಗೆ ಬಂದ ರೋಬಿನ್, ಮತ್ತೆ ಕಟ್ಟಿದ ಶೆಡ್ಡಿನ ಮೂಲೆಯಲ್ಲಿ ನಿಂತಿದ್ದ ಕರಕಲು ಫ್ರೇಮನ್ನು ನೇವರಿಸುತ್ತ ಕೇಳಿದಳು:

"ಅಮ್ಮ, ಅಪ್ಪ ಬ್ಯಾಟರಿ ಉಲ್ಟಾ ಹಾಕ್ತಿದ್ರೆ ನೋಡ್ತಾ ಇದ್ಯಲ್ಲ. ಬಾಯಿ ಬಿಟ್ಟು ಹೇಳಬಾರ್ದಿತ್ತಾ? ತಾತನ ಬೈಕಾದ್ರೂ ಉಳೀತಿತ್ತು."

"ಹೇಳಿದ್ನಲ್ಲೇ," ಎಂದಳು ಗ್ಲೆನಿಸ್. "ಹೇಳಿದ್ದಕ್ಕೇ ಉಲ್ಟಾ ಹಾಕ್ದ."