ನೈವೇದ್ಯಕ್ಕೆ ಮುಂಚಿನ ಸೂಜಿ

ಶಾರದಾಂಬಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಶೃಂಗೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಆ ಸಿಟ್ಟು ಎಲ್ಲಿ ಹುಟ್ಟಿತೆಂದು ಮಾತ್ರ ಯಾರೂ ಕೇಳಿದವರಿಲ್ಲ. ಅವಳ ಗಂಡ ಸಚ್ಚಿದಾನಂದ ಭಟ್ಟರು ಅಡುಗೆಯವರು. ಕೊಪ್ಪ, ಜಯಪುರ, ನರಸಿಂಹರಾಜಪುರದ ಕಡೆ ಮೊದಲು ಭಟ್ಟರ ಬಿಡುವು ಕೇಳಿ, ಆಮೇಲೆ ಮುಹೂರ್ತ ಇಡಿಸುವವರೂ ಇದ್ದಾರೆ. ಹೋದಲ್ಲೆಲ್ಲ ತರಕಾರಿ ಹೆಚ್ಚಲು, ಕಾಯಿ ತುರಿಯಲು, ಸಹಾಯಕ್ಕೆ ಬಂದವರನ್ನು ಗದರಲು ಶಾರದಾಂಬ ಜೊತೆಗಿರುತ್ತಾಳೆ.

ಭಟ್ಟರಿಗೊಂದು ನೇಮ. ದೇವರಿಗೆ ನೈವೇದ್ಯವಾಗಿ, ಕೊನೆಯ ಪಂಕ್ತಿ ಏಳುವ ತನಕ ಒಂದು ತುತ್ತೂ ಬಾಯಿಗಿಡುವುದಿಲ್ಲ. ಕಾಫಿ ಮಾತ್ರ ಲೆಕ್ಕಕ್ಕಿಲ್ಲ. ಕಾಫಿಗೆ ಈ ರಿಯಾಯಿತಿ ಕೊಟ್ಟವರು ಯಾರೆಂದು ಭಟ್ಟರನ್ನೇ ಕೇಳಬೇಕು. ಉಂಡು ಎದ್ದವರು ಕೈ ತೊಳೆಯುತ್ತ, ಶ್ರದ್ಧೆ ಎಂದರೆ ಇದು ಎಂದು ಹೊಗಳುವರು. ಭಟ್ಟರು ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಒರೆಸಿಕೊಂಡು ನಾಚುವರು. ಕೇಳುತ್ತ ಕೂತ ಶಾರದಾಂಬಳಿಗೆ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡ ಒಲೆಗಳ ಮುಂದೆ ನಿಂತು ನಿಂತು ಭಟ್ಟರ ಮಂಡಿ ಸವೆದು ಊದಿಕೊಂಡಿತು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಬಂತು. ಊಟವಾದ ಮೇಲೆ ನುಂಗಿ ಎಂದು ಅಂಗಡಿಯವನು ಹೇಳಿದ್ದ. ನೋವು ಬೆಳಗ್ಗೆ, ಊಟ ಮಧ್ಯಾಹ್ನ ಕಳೆದ ಮೇಲೆ; ಏನು ಮಾಡುವುದು? ಭಟ್ಟರು ಖಾಲಿ ಹೊಟ್ಟೆಗೆ ಕಾಫಿಯ ಜೊತೆ ನುಂಗಿದರು. ನೋವು ಇಳಿಯಿತು, ಹೊಟ್ಟೆಯುರಿ ಏರಿತು. ಎರಡು ಇಡ್ಲಿ ತಿಂದಾದರೂ ನುಂಗಿ ಎಂದು ಶಾರದಾಂಬ ಗೋಗರೆದಳು. ನೇಮ ಬಿಡಬೇಕಲ್ಲ!

ಕೊನೆಗೆ ಭಟ್ಟರೇ ಒಂದು ಉಪಾಯ ಕಂಡುಹಿಡಿದರು. ಅದೇ ಔಷಧಿಯ ಸೂಜಿ. ಬಾಯಿಗೆ ಹೋಗದ್ದು ಆಹಾರವಲ್ಲ, ನೇಮ ಕೆಡುವುದಿಲ್ಲ. ಹೊಟ್ಟೆಗೆ ಹೋಗದ್ದರಿಂದ ಹೊಟ್ಟೆಯೂ ಕೆಡುವುದಿಲ್ಲ. ಶಾಸ್ತ್ರವನ್ನೂ ವೈದ್ಯವನ್ನೂ ಒಟ್ಟಿಗೇ ಗೆದ್ದವರಂತೆ ಬೀಗಿದರು. ಕೇಳಿದವರಿಗೆ ಕೇಳಿದ್ದು ಚುಚ್ಚುವ ಒಬ್ಬ ಕಾಂಪೌಂಡರನೂ ಸಿಕ್ಕಿದ. ಮದುವೆಯ ದಿನ ಬೆಳಗ್ಗೆ ಅವನ ಹತ್ತಿರ ಹೋಗಿ ಸೊಂಟಕ್ಕೆ ಚುಚ್ಚಿಸಿಕೊಂಡು ಬಂದರೆ ಭಟ್ಟರು ಸಂಜೆಯ ತನಕ ಕುದುರೆ.

ಹೋದ ವೈಶಾಖದಲ್ಲಿ ಬಾಳಗಡಿಯ ಉಪನಯನವೊಂದರಲ್ಲಿ ಆ ಕುದುರೆ ಕುಸಿಯಿತು. ಹೋಳಿಗೆ ಬೇಯಿಸುತ್ತಿದ್ದವರು ಹಿತ್ತಲಿಗೆ ಓಡಿ ವಾಂತಿ ಮಾಡಿದರು. ಕಾಫಿ ಗಸಿಯಂಥ ಕಪ್ಪು. ಅದಕ್ಕೂ ಮೊದಲೇ ಮಲ ಡಾಂಬರಿನ ಹಾಗೆ ಹೋಗುತ್ತಿತ್ತಂತೆ, ಹೆಂಡತಿಗೂ ಹೇಳಿರಲಿಲ್ಲ. ಆಂಬ್ಯುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಸಾಗಿಸಿ, ರಕ್ತ ಕೊಟ್ಟು, ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆಯ ಹುಣ್ಣಿನ ರಕ್ತ ನಿಲ್ಲಿಸಿದರು. ಭಟ್ಟರ ಬಟ್ಟೆಯನ್ನು ಒಗೆದವಳು ಶಾರದಾಂಬ. ಹೊಗಳಿದವರು ಯಾರೂ ಒಗೆಯಲು ಬರಲಿಲ್ಲ.

ಅಲ್ಲಿನ ಡಾಕ್ಟರ್ ಅರ್ಪಣಾ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದಳು. ಪೆಟ್ಟಾದಲ್ಲಿ, ಸವೆದಲ್ಲಿ ದೇಹವೇ ಒಂದು ಬಗೆಯ ರಸ ತಯಾರಿಸುತ್ತದೆ. ಊತವೂ ನೋವೂ ಅದರಿಂದಲೇ ಹೆಚ್ಚುವುದು. ಈ ಔಷಧಿ ಆ ರಸ ಹುಟ್ಟದಂತೆ ತಡೆಯುತ್ತದೆ, ನೋವು ಇಳಿಯುತ್ತದೆ. ಆದರೆ ಅದೇ ಜಾತಿಯ ರಸ ಹೊಟ್ಟೆಯ ಒಳಪದರವನ್ನು ಅಲ್ಲಿನ ಆಸಿಡ್ಡಿನಿಂದ ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆಯೂ ನೋಡಿಕೊಳ್ಳುತ್ತದೆ. ಔಷಧಿಗೆ ಮಂಡಿ ಯಾವುದು, ಹೊಟ್ಟೆ ಯಾವುದು ಎಂಬ ಭೇದವಿಲ್ಲ. ಹಾಗೇ ನಡೆದರೆ ಬಿ.ಪಿ. ಏರಬಹುದು, ಹೃದಯಕ್ಕೂ ಅಪಾಯ. ಊಟ ಮಾಡಿ ನುಂಗಿದರೂ ಪೂರ್ತಿ ಪಾರಾಗುವ ಹಾಗಿಲ್ಲ.

ಈಚೆಗೆ ನಾನು ನುಂಗಿಯೇ ಇಲ್ಲವಲ್ಲ ಎಂದು ಭಟ್ಟರು ಮೆಲ್ಲಗೆ ತಮ್ಮ ಶಾಸ್ತ್ರ ತೆಗೆದರು.

"ಸೂಜಿ ಸೊಂಟಕ್ಕೆ ಚುಚ್ಚಿದ್ರೂ ಔಷಧಿ ರಕ್ತಕ್ಕೇ ಸೇರೋದು," ಎಂದಳು ಅರ್ಪಣಾ. "ಆ ರಕ್ತ ಹೊಟ್ಟೆಗೂ ಹೋಗ್ತದಲ್ವಾ ಭಟ್ರೇ? ಇನ್ನೊಂದು ಸಲ ಹೀಗಾದ್ರೆ ನೀವು ಇಲ್ಲೀತನಕ ಬಂದು ಮುಟ್ಟೋದು ಕಷ್ಟ."

ಹೊತ್ತಿಗೆ ಸರಿಯಾಗಿ ಊಟ, ಒಲೆಯ ಮುಂದೆ ಕುರ್ಚಿ, ಮಂಡಿಗೆ ವ್ಯಾಯಾಮ, ತೀರಾ ಬೇಕಾದರೆ ತಾನು ಬರೆದುಕೊಟ್ಟ ಬೇರೆ ಮಾತ್ರೆ, ಎಂದಳು. ಭಟ್ಟರು ಎಲ್ಲದಕ್ಕೂ ತಲೆಯಾಡಿಸಿದರು. ಶಾರದಾಂಬಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಾಂಪೌಂಡರನ ಮೇಲೆ, ಹೊಗಳಿದವರ ಮೇಲೆ, ನಾಚುತ್ತ ನಿಲ್ಲುತ್ತಿದ್ದ ಈ ಮನುಷ್ಯನ ಮೇಲೆ.

ಈ ಫಾಲ್ಗುಣದಲ್ಲಿ ನರಸಿಂಹರಾಜಪುರದ ಸೋಮನಾಥ ರಾಯರ ಮಗಳ ಮದುವೆ. ಶಾರದಾಂಬ ಇಟ್ಟ ಕುರ್ಚಿಯನ್ನು ಭಟ್ಟರು ಮೂಲೆಗೆ ತಳ್ಳಿದರು. ಒಲೆಯ ಮುಂದೆ ಕೂತು ಬೇಯಿಸುವವನೂ ಒಬ್ಬ ಅಡುಗೆಯವನೇನು ಎಂದು ಮೂಗು ಮುರಿದರು. ತಿಂಡಿಯನ್ನೂ ಮುಟ್ಟಲಿಲ್ಲ. ಪಾಯಸಕ್ಕೆ ಇಡುವ ಹೊತ್ತಿಗೆ ಮಂಡಿ ಊದಿ, ಗೋಡೆ ಹಿಡಿದು ನಿಂತರು. ರಾಯರು ಒಳ್ಳೆಯವರು, ಅದೇ ತೊಂದರೆ. ಗಾಬರಿಯಿಂದ ಯಾರಿಗೋ ಫೋನು ಮಾಡಿ ಸೂಜಿ ಹಾಕುವವನನ್ನು ಅಡುಗೆಮನೆಗೇ ಕರೆಸಿಬಿಟ್ಟರು.

ಬೆಲ್ಲ ತರಲು ಉಗ್ರಾಣಕ್ಕೆ ಹೋಗಿದ್ದ ಶಾರದಾಂಬ ಹಿಂದಿರುಗಿದಾಗ ಭಟ್ಟರು ಗೋಡೆಗೆ ಮುಖ ಮಾಡಿ ಪಂಚೆ ಸಡಿಲಿಸುತ್ತಿದ್ದರು. ಅವಳು ಬೆಲ್ಲದ ಪಾತ್ರೆ ಕೆಳಗಿಟ್ಟು, ನೇರ ಹೋಗಿ ಒಲೆಗಳ ಗ್ಯಾಸನ್ನು ಒಂದೊಂದಾಗಿ ತಿರುಗಿಸಿ ಆರಿಸಿದಳು.

ಪಂಕ್ತಿ ಕೂರುವ ಹೊತ್ತಾಯಿತು, ಒಂದು ಸೂಜಿಗೆ ಏನಾಗಿಬಿಡುತ್ತದೆ ಎಂದು ರಾಯರು ಸಮಾಧಾನ ಹೇಳಲು ಬಂದರು.

"ನಿಮ್ಮ ಪಾಯಸಕ್ಕೆ ಬೆಲ್ಲ ಹಾಕ್ತೇನೆ ರಾಯರೇ. ನನ್ನ ಗಂಡನ ರಕ್ತ ಹಾಕೋಕಾಗಲ್ಲ. ಆ ಸೂಜಿ ಹೊರಗೆ ಹೋಗೋ ತನಕ ಒಲೆ ಹತ್ತಲ್ಲ." ಆಮೇಲೆ ಗೋಡೆಯ ಕಡೆ ತಿರುಗಿದಳು. "ನೀವು ಪಂಚೆ ಸರಿ ಮಾಡ್ಕೊಳ್ಳಿ."

ಸೂಜಿಯವನು ರಾಯರ ಮುಖವನ್ನೂ ನೋಡದೆ ಹೊರಟುಹೋದ. ಶಾರದಾಂಬ ಕುರ್ಚಿ ಎಳೆದು ತಂದು ಗಂಡನನ್ನು ಕೂರಿಸಿ, ಬಾಳೆಲೆಯ ತುಂಡಿನಲ್ಲಿ ಅನ್ನ ಮಜ್ಜಿಗೆ ಕಲಸಿ ಮುಂದಿಟ್ಟಳು.

"ನೈವೇದ್ಯ ಆಗ್ಲಿಲ್ಲ ಮಾರಾಯ್ತಿ," ಎಂದರು ಭಟ್ಟರು, ಅಳುವ ದನಿಯಲ್ಲಿ.

"ದೇವರದ್ದು ಬೇರೆ ತೆಗೆದಿಟ್ಟಿದ್ದೇನೆ. ಅವನಿಗೆ ಹುಣ್ಣಾಗಿಲ್ಲ, ಅವನು ಕಾಯ್ತಾನೆ."

ಒಲೆ ಹಚ್ಚಿ, ಪಾಯಸದ ಸಟ್ಟುಗವನ್ನು ತಾನೇ ಹಿಡಿದಳು. ಸುತ್ತಲಿದ್ದವರು ತಲೆ ತಗ್ಗಿಸಿ ಕಾಯಿ ತುರಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಎಲೆ ಖಾಲಿಯಾಗಿತ್ತು. ಭಟ್ಟರು ಬೆರಳಿನಲ್ಲಿ ಮಜ್ಜಿಗೆಯನ್ನು ಬಳಿದು ಬಳಿದು ತಿನ್ನುತ್ತಿದ್ದರು.

"ಇನ್ನೊಂಚೂರು ಹಾಕು," ಎಂದರು, ಅವಳ ಮುಖ ನೋಡದೆ.

ಈ ಮನುಷ್ಯನಿಗೆ ಇಷ್ಟು ವರ್ಷ ದಿನಾ ಹಸಿವಾಗುತ್ತಿತ್ತು ಎಂಬುದು ಶಾರದಾಂಬಳಿಗೆ ಆಗ ಗೊತ್ತಾಯಿತು. ಅವಳ ಸಿಟ್ಟು ಮತ್ತೂ ಏರಿತು. ಅನ್ನ ಕುಕ್ಕಿ ಬಡಿಸಿದ ರಭಸಕ್ಕೆ ಅರ್ಧ ನೆಲಕ್ಕೆ ಬಿತ್ತು.