ಹೆಸರು ಬರೆಯದ ಮೂಟೆಗಳು

"ಆಸ್ಪತ್ರೆ ಕಮಿಟಿಯಲ್ಲಿ ನಿಮಗೇನು ಸಿಗುತ್ತೆ?" ಎಂದು ಕೇಳುವವರಿಗೆ ನಾನು ಈಗೀಗ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಮೊದಲೆಲ್ಲ ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯ ಮುಂದೆ ನಿಂತು ವಿವರಿಸುತ್ತಿದ್ದೆ. ಕೇಳಿದವರು ತಲೆಯಾಡಿಸಿ, ಆಚೆ ಹೋಗಿ, ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ನಮ್ಮ ಕಮಿಟಿಯ ಅಧ್ಯಕ್ಷರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರು ಇದೇ ಪ್ರಶ್ನೆಗೆ, "ಮನೇಲಿದ್ರೆ ಹೆಂಡ್ತಿ ತರಕಾರಿ ಹೆಚ್ಚು ಅಂತಾಳೆ ಕಣ್ರೀ, ಅದ್ಕೇ ಬತ್ತೀನಿ" ಎಂದು ಹೇಳಿ ಪಾರಾಗುತ್ತಾರೆ. ನನಗೆ ಹಾಗೆ ಪಾರಾಗಲು ಬರುವುದಿಲ್ಲ. ಸಿಟ್ಟು ಬರುತ್ತದೆ. ನಾನು ಈ ಕೆಲಸಕ್ಕೆ ಬಂದದ್ದೂ ಸಿಟ್ಟಿನಿಂದಲೇ.

ಆ ಸಿಟ್ಟು ಹುಟ್ಟಿದ್ದು ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನ ಕಣದಲ್ಲಿ. ನಮ್ಮದು ಅದರ ಪಕ್ಕದ ಸಣ್ಣ ತೋಟ. ಅವತ್ತು ಬೆಳಗ್ಗೆ ನನ್ನ ಓರಗಿತ್ತಿಗೆ ಚೊಚ್ಚಲ ಹೆರಿಗೆಯ ನೋವು ಶುರುವಾಯಿತು. ನಮ್ಮಲ್ಲಿ ಗಾಡಿ ಇರಲಿಲ್ಲ. ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ. ಅವಳನ್ನು ನಡೆಸಿಕೊಂಡೇ ಎಸ್ಟೇಟಿಗೆ ಹೋದೆವು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಜೀಪು ನಿಂತಿತ್ತು, ಪಕ್ಕದಲ್ಲಿ ಡ್ರೈವರೂ ಇದ್ದ.

"ಸಾವ್ಕಾರ್ರನ್ನ ಕೇಳ್ದೆ ಹೆಂಗ್ ತಗೀಲಿ ಅಕ್ಕ? ಸ್ನಾನಕ್ಕೋಗವ್ರೆ" ಅಂದ.

ನಾವು ಬಂಗಲೆಯ ಬಾಗಿಲನ್ನೇ ನೋಡುತ್ತಾ ನಿಂತೆವು. ನೋವಿಗೆ ಬಾಗಿದ್ದ ನನ್ನ ಓರಗಿತ್ತಿ ಕೈ ಮುಗಿದುಕೊಂಡೇ ನಿಂತಿದ್ದಳು. ಹಾಗೆ ನಿಲ್ಲಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಾಹುಕಾರರು ಒಳ್ಳೆಯ ಮನುಷ್ಯ. ತಲೆ ಒರೆಸುತ್ತಾ ಹೊರಗೆ ಬಂದವರೇ, "ಇದ್ನೂ ಕೇಳ್ಬೇಕೇನೋ, ಹೊರ್ಡೋ ಮೊದ್ಲು" ಎಂದು ಡ್ರೈವರಿಗೆ ಬೈದು ಕಳಿಸಿದರು. ಆದರೆ ಅವರು ನಿಧಾನವಾಗಿ ಸ್ನಾನ ಮಾಡುವವರು. ಸಕಲೇಶಪುರ ಮುಟ್ಟುವ ಮೊದಲೇ ಜೀಪಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಅಳಲಿಲ್ಲ. ಸ್ವಲ್ಪ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು.

ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ಕೆಟ್ಟವರಾಗಿದ್ದರೆ ಶಾಪ ಹಾಕಿ ಮರೆಯಬಹುದಿತ್ತು.

ಆಮೇಲೆ ಎಷ್ಟೋ ವರ್ಷಕ್ಕೆ ಸುತ್ತಿನ ಊರಿನವರು ಸೇರಿ ಈ ಸಣ್ಣ ಆಸ್ಪತ್ರೆ ಕಟ್ಟಿಕೊಂಡರು. ಚಂದಾ ಎತ್ತುವ ಕಮಿಟಿಗೆ ಜನ ಬೇಕು ಅಂದಾಗ ನಾನೂ ನನ್ನ ಓರಗಿತ್ತಿಯೂ ಹೆಸರು ಕೊಟ್ಟೆವು. ಆಸ್ಪತ್ರೆಯಲ್ಲಿ ಜ್ವರಕ್ಕೆ, ಗಾಯಕ್ಕೆ ವ್ಯವಸ್ಥೆಯಿತ್ತು, ಹೆರಿಗೆಗೆ ಇರಲಿಲ್ಲ. ಮಳೆ ಹಿಡಿಯುವ ಮೊದಲು ಹೆರಿಗೆ ಕೋಣೆ ತೆರೆಯಬೇಕೆಂದು ಹಟ ಹಿಡಿದವಳು ಅವಳು. ಅವಳಿಗೆ ಮುಂದೆ ಮಕ್ಕಳಾಗಲಿಲ್ಲ. ಆ ಕೋಣೆಯ ಬಣ್ಣ ಯಾವುದಿರಬೇಕು ಎನ್ನುವವರೆಗೆ ಯೋಚಿಸಿಟ್ಟುಕೊಂಡಿದ್ದಳು. ಅಧ್ಯಕ್ಷರು, "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀತೀಯಲ್ಲವ್ವ" ಎಂದು ರೇಗಿಸುತ್ತಿದ್ದರು.

ನಮ್ಮಲ್ಲಿ ಕೈಯಲ್ಲಿ ದುಡ್ಡಿಲ್ಲದವರ ಮನೆಯಲ್ಲೂ ಕಾಫಿ ಕೊಯ್ಲು ಮುಗಿದಾಗ ಒಂದಿಷ್ಟು ಹಣ್ಣು ಒಣಗುತ್ತಿರುತ್ತದೆ. ತೋಟದವರು ಒಂದೊಂದು ಮೂಟೆ ಕೊಡಲಿ, ಲೈನಿನ ಮನೆಗಳಲ್ಲಿರುವ ಕೂಲಿಯವರು ಗಿಡದ ಬುಡದಲ್ಲಿ ಉದುರಿದ್ದನ್ನು ಆಯ್ದು ಒಂದೊಂದು ಮೊರ ತರಲಿ, ಅದನ್ನು ಮಾರಿ ಕೋಣೆ ಮಾಡಿಸೋಣ ಎಂದು ಗೊತ್ತು ಮಾಡಿದೆವು. ಯಾರ ಮೂಟೆಯ ಮೇಲೂ ಹೆಸರು ಬರೆಯುವ ಹಾಗಿಲ್ಲ. ಇದು ನನ್ನ ಕಟ್ಟುನಿಟ್ಟು. ನಂದು ದೊಡ್ಡದು, ನಿಂದು ಸಣ್ಣದು ಎಂಬ ಮಾತೇ ಏಳಬಾರದು. ಆನೇಮಹಲ್ ಕಡೆಯಿಂದ ಪಿಕಪ್‌ನಲ್ಲಿ ಬಂತು, ಕುಂದೂರು ಕಡೆಯಿಂದ ತಲೆಯ ಮೇಲೆ ಬಂತು. ಬಂದದ್ದನ್ನೆಲ್ಲ ಆಸ್ಪತ್ರೆಯ ತಾರಸಿಯ ಮೇಲೆ ಒಟ್ಟಿಗೆ ಸುರಿದು ಒಣಗಿಸಿದೆವು.

ಕಾಫಿಯ ನಡುವೆಯೇ ಹುಟ್ಟಿ ಬೆಳೆದ ನಮಗೆ, ಬೇರೆ ಬೇರೆ ಬೆಲೆಯ ಅರೇಬಿಕಾವನ್ನೂ ರೋಬಸ್ಟಾವನ್ನೂ ಒಂದೇ ರಾಶಿಗೆ ಸುರಿಯುತ್ತಿದ್ದೇವೆ ಎಂಬುದು ಹೊಳೆಯಲೇ ಇಲ್ಲ. ಮನೆಯ ಕಣದಲ್ಲಾಗಿದ್ದರೆ ಮಕ್ಕಳೂ ಈ ತಪ್ಪು ಮಾಡುತ್ತಿರಲಿಲ್ಲ. ಎಲ್ಲರದೂ ಒಂದಾಗಲಿ ಎಂಬ ಹುರುಪಿನಲ್ಲಿ ಕಾಫಿಯನ್ನೂ ಒಂದು ಮಾಡಿಬಿಟ್ಟಿದ್ದೆವು. ನೋಡಲು ಬಂದ ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದೇನ್ರೀ, ಚಿತ್ರಾನ್ನ ಕಲಸಿದಂಗೆ ಕಲಸಿದ್ದೀರಲ್ಲ! ಬೇರೆ ಮಾಡ್ಕೊಡಿ, ಇಲ್ದಿದ್ರೆ ಕಡೇ ರೇಟಿಗೂ ಕಷ್ಟ."

ನಮ್ಮ ಚಿತ್ರಾನ್ನದ ಸುದ್ದಿ ಊರೆಲ್ಲ ಹಬ್ಬಿತು. ಮುಂದಿನ ಮೀಟಿಂಗಿಗೆ ದೊಡ್ಡ ತೋಟದ ಸಾಹುಕಾರರೊಬ್ಬರು ತಾವಾಗಿಯೇ ಬಂದರು. ಜೀಪು ಕೊಟ್ಟವರಲ್ಲ, ಬೇರೆಯವರು. ಕುರ್ಚಿ ಎಳೆದುಕೊಂಡು ಕೂತು, ಸಮಾಧಾನವಾಗಿ ಮಾತಾಡಿದರು.

"ಮೂಟೆ ಹೊತ್ಕಂಡು ಯಾಕ್ ಒದ್ದಾಡ್ತೀರ? ಕೋಣೆ ಪೂರ್ತಿ ನಾನೇ ಮಾಡಿಸ್ಕೊಡ್ತೀನಿ. ಬಾಗ್ಲ ಮೇಲೆ ನಮ್ಮಪ್ಪಾಜಿ ಹೆಸ್ರಿರ್ಲಿ. ಹೆರಿಗೆಗೆ ಬರೋ ಲೈನಿನೋರು ಮಾತ್ರ ಅವರವರ ಎಸ್ಟೇಟಲ್ಲಿ ಲೆಕ್ಕ ನೋಡೋ ರೈಟರ್ ಹತ್ರ ಒಂದು ಚೀಟಿ ಬರೆಸ್ಕಂಡು ಬರ್ಲಿ. ಇಲ್ದಿದ್ರೆ ಸಂತೆ ಆಗ್ಬುಡ್ತದೆ."

ಮೀಟಿಂಗಿನಲ್ಲಿದ್ದ ಎಲ್ಲರ ಮುಖ ಅರಳಿತು. ಸುಳ್ಳು ಯಾಕೆ, ಒಂದು ಗಳಿಗೆ ನನ್ನದೂ ಅರಳಿತು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅನ್ನುತ್ತಾರೆ. ನಾನು ನೋಡುವ ಜಾತಿಯವಳು, ಆದರೆ ಅವತ್ತು ಬಾಯಿ ತೆರೆಯಲಿಲ್ಲ. ಎಲ್ಲರೂ ನನ್ನ ಓರಗಿತ್ತಿಯನ್ನೇ ನೋಡುತ್ತಿದ್ದರು. ಆ ಕೋಣೆ ಅವಳಿಗೆ ಬೇಕಿದ್ದಷ್ಟು ಇನ್ನಾರಿಗೂ ಬೇಕಿರಲಿಲ್ಲ. ಅವಳು ಹೂಂ ಅಂದಿದ್ದರೆ ಎದುರು ಮಾತಾಡುವ ಯೋಗ್ಯತೆ ನನಗಿರಲಿಲ್ಲ.

"ಹೆಸ್ರು ಬರೆಸ್ಕಳಿ ಅಣ್ಣ, ಬ್ಯಾಡ ಅನ್ನಲ್ಲ," ಅಂದಳು ಅವಳು. "ಚೀಟಿ ಬ್ಯಾಡ."

"ಒಂದು ಶಿಸ್ತು ಇರ್ಲಿ ಅಂತ ಕಣವ್ವ."

"ನೋವು ಬಂದಾಗ ರೈಟರು ಸ್ನಾನಕ್ಕೋಗಿದ್ರೆ?"

ಸಾಹುಕಾರರಿಗೆ ಅರ್ಥವಾಗಲಿಲ್ಲ. ನಕ್ಕರು. ನಮಗೆಲ್ಲ ಅರ್ಥವಾಗಿತ್ತು. ಅಧ್ಯಕ್ಷರು ತಲೆ ಕೆರೆದುಕೊಂಡು, ಚೀಟಿಯೊಂದು ಬಿಟ್ಟು ಉಳಿದದ್ದಕ್ಕೆಲ್ಲ ನಮ್ಮ ಒಪ್ಪಿಗೆ ಇದೆ ಎಂದರು. ಚೀಟಿ ಇಲ್ಲದೆ ಆಗುವುದಿಲ್ಲ ಎಂದರು ಸಾಹುಕಾರರು.

"ಹಂಗಾದ್ರೆ ನಾವೇ ಮಾಡ್ಕತೀವಿ ಬಿಡಿ," ಅಂದಳು ನನ್ನ ಓರಗಿತ್ತಿ.

ಮಾಡಿಕೊಳ್ಳುವುದು ಅಂದರೆ ಆರಿಸುವುದು. ಗುಂಡಗಿನ ರೋಬಸ್ಟಾ ಒಂದು ಕಡೆ, ಉದ್ದನೆಯ ಅರೇಬಿಕಾ ಇನ್ನೊಂದು ಕಡೆ. ತಾರಸಿಯ ಮೇಲೆ ಸೀರೆಯ ಸೆರಗು ತಲೆಗೆ ಹೊದ್ದು ಕೂತೆವು. ಅಧ್ಯಕ್ಷರು ಮಂಡಿನೋವು ಅನ್ನುತ್ತಲೇ ಕೂತರು. "ಇದ್ಕಿಂತ ತರಕಾರಿ ಹೆಚ್ಚೋದೇ ವಾಸಿ ಮಾರಾಯ" ಎಂದು ತಮಗೆ ತಾವೇ ಬೈದುಕೊಂಡರು. ಮೊದಲು ನಗಲು ಬಂದವರು ನಿಂತು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಮೊರ ತಂದರು. ಕೆಲಸ ಮುಗಿಸಿ ಲೈನಿನ ಹೆಂಗಸರು ಬಂದರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ನಾನು ಭಾಷಣಗಳಲ್ಲಿ ಕೇಳಿ ಬೇಸತ್ತಿದ್ದೆ. ಅವತ್ತು ಬೇಸರವಾಗಲಿಲ್ಲ. ಆದರೂ ಪೂರ್ತಿ ಆರಿಸಿ ಮುಗಿಸಲಾಗಲಿಲ್ಲ. ಉಳಿದ ಚಿತ್ರಾನ್ನವನ್ನು ಸಿಕ್ಕಿದ ಬೆಲೆಗೆ ಕೊಟ್ಟೆವು.

ಮಳೆಗೆ ಮುಂಚೆ ತೆರೆಯುತ್ತೇವೆ ಅಂದಿದ್ದೆವು. ಮಳೆ ಹಿಡಿದ ಮೇಲೆ ತೆರೆದೆವು. ಮಂಚ ಹಳೆಯದು, ಬಣ್ಣ ಹೊಡೆಸಿದ್ದೆವು. ಗೋಡೆಗೆ ನನ್ನ ಓರಗಿತ್ತಿ ಹೇಳಿದ ಬಣ್ಣ ಅಂಗಡಿಯಲ್ಲಿ ಸಿಗಲಿಲ್ಲ. ಬಾಗಿಲ ಮೇಲೆ "ಹೆರಿಗೆ ಕೋಣೆ" ಎಂದಷ್ಟೇ ಬರೆಸಿದೆವು.

ಮೊದಲನೆಯ ಬಸುರಿ ಒಂದು ತೋಟದ ಲೈನಿನಿಂದ ಆಟೋದಲ್ಲಿ ಬಂದಳು. ನರ್ಸ್ ಅವಳನ್ನು ಒಳಗೆ ಕರೆದುಕೊಂಡು ಹೋದಳು. ಜೊತೆಗೆ ಬಂದಿದ್ದ ಅತ್ತೆ ಹೊಸ್ತಿಲಲ್ಲೇ ನಿಂತುಬಿಟ್ಟಳು, ಎರಡೂ ಕೈ ಜೋಡಿಸಿಕೊಂಡು. ಯಾರ ಕಡೆ ತಿರುಗಿ ಕೈ ಮುಗಿಯಬೇಕೋ ತಿಳಿಯದೆ ಅತ್ತ ಇತ್ತ ನೋಡುತ್ತಿದ್ದಳು.

"ಒಳಕ್ಕೋಗಕ್ಕೆ ಯಾರನ್ನ ಕೇಳ್ಬೇಕವ್ವ?" ಅಂದಳು.

ನನ್ನ ಓರಗಿತ್ತಿ ಹತ್ತಿರ ಹೋಗಿ ಆ ಕೈಗಳನ್ನು ಹಿಡಿದು ಬಿಡಿಸಿ, ಒಂದರಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟಳು.

"ಯಾರನ್ನೂ ಕೇಳಂಗಿಲ್ಲ. ಹೋಗು, ಸೊಸೆ ಕಾಯ್ತಾವ್ಳೆ."

ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ನಮಗೆ ಅಲ್ಲಿ ಏನೂ ಕೆಲಸವಿರಲಿಲ್ಲ, ಆದರೂ ಮನೆಗೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ತಾರಸಿಯ ಮೇಲೆ ಸುರಿಯುತ್ತಿದ್ದ ಮಳೆಯನ್ನೂ ಮೀರಿ, ಒಳಗಿನಿಂದ ದನಿ ಬಂತು. ಜಗಳಕ್ಕೆ ನಿಂತವರ ಹಾಗೆ ಜೋರಾಗಿತ್ತು.

ನನ್ನ ಓರಗಿತ್ತಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

"ಅಳ್ತಾ ಐತೆ ಅಕ್ಕ," ಅಂದಳು.